ಟೈರಿನ ಪುಡಿ, ತೊಗರಿಯ ಬೀಜ

ಕಲಬುರಗಿಯಂಥ ಊರಿನಲ್ಲಿ ಎರಡು ಬಗೆಯ ಅಂಗಡಿಗಳಿಗೆ ಎಂದೂ ಬರವಿಲ್ಲ. ಒಂದು, ತೊಗರಿ ಚೀಲ ಹೊತ್ತು ಸವೆದ ಲಾರಿ ಟೈರಿಗೆ ಹೊಸ ಪಟ್ಟಿ ಕೂರಿಸುವ, ಪಂಕ್ಚರ್ ಹಾಕುವ ಟೈರ್ ಅಂಗಡಿ. ಇನ್ನೊಂದು, ಬೀಜ, ಗೊಬ್ಬರ ಮತ್ತು ‘ಎಣ್ಣೆ’ ಮಾರುವ ಅಂಗಡಿ. ಎಣ್ಣೆ ಅಂದರೆ ಈ ಸೀಮೆಯಲ್ಲಿ ಬೆಳೆಗೆ ಹೊಡೆಯುವ ಔಷಧ. ಮೊದಲನೆಯದರ ಗಿರಾಕಿ ಡ್ರೈವರ್, ಎರಡನೆಯದರ ಗಿರಾಕಿ ರೈತ. ಇಬ್ಬರೂ ಹೆಸರು ಕೇಳದೆ ಕೊಳ್ಳುವ ಒಂದು ಸಾಮಾನು ಎರಡೂ ಕಡೆ ಇದೆ. ಟೈರಿನೊಳಗೆ ಕರಗಿ ಕಾಣದಂತಾಗಿರುತ್ತದೆ. ಬೀಜದ ಮೇಲೆ ಗುಲಾಬಿ ಬಣ್ಣ ಬಳಿದುಕೊಂಡು ಕೂತಿರುತ್ತದೆ. ರಬ್ಬರ್ ಕಾರ್ಖಾನೆಯವರು ಅದನ್ನು ಟಿಎಂಟಿಡಿ ಎನ್ನುತ್ತಾರೆ, ಕೃಷಿ ಇಲಾಖೆಯವರು ಥೈರಮ್ ಎನ್ನುತ್ತಾರೆ. ಪೂರ್ತಿ ಹೆಸರು ಟೆಟ್ರಾಮಿಥೈಲ್ ಥೈಯುರಾಮ್ ಡೈಸಲ್ಫೈಡ್.

ಸ್ವಭಾವದಲ್ಲಿ ಇದು ಬಿಳಿ ಅಥವಾ ಕೆನೆ ಬಣ್ಣದ ಪುಡಿ. ನೀರಿನಲ್ಲಿ ಕರಗುವುದು ತೀರ ಕಡಿಮೆ. ಸುಮಾರು 155 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ದ್ರವವಾಗುತ್ತದೆ. ಒಂದು ಅಣುವಿನಲ್ಲಿ ನಾಲ್ಕು ಗಂಧಕದ ಪರಮಾಣುಗಳಿವೆ. ಇದರ ಇಡೀ ಚರಿತ್ರೆ ನಿಂತಿರುವುದು ಆ ಗಂಧಕದ ಮೇಲೆ.

ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದಾಗ ಅದು ಬೇಸಿಗೆಯಲ್ಲಿ ಅಂಟದ, ಚಳಿಯಲ್ಲಿ ಸಿಡಿಯದ ವಸ್ತುವಾಯಿತು. ಆದರೆ ಬರೀ ಗಂಧಕವನ್ನೇ ನಂಬಿದರೆ ಕೆಲಸಕ್ಕೆ ಗಂಟೆಗಟ್ಟಲೆ ಬೆಂಕಿ ಬೇಕು. 1906ರಲ್ಲಿ ಓಹಾಯೊದ ಆಕ್ರನ್ ಪಟ್ಟಣದ ಡೈಮಂಡ್ ರಬ್ಬರ್ ಕಂಪನಿಯಲ್ಲಿ ಜಾರ್ಜ್ ಓನ್‌ಸ್ಲೇಗರ್ ಎಂಬ ರಸಾಯನಶಾಸ್ತ್ರಜ್ಞ ಅನಿಲಿನ್ ಬೆರೆಸಿ ನೋಡಿದ. ಕುದಿ ಬೇಗ ಮುಗಿಯಿತು. ಅನಿಲಿನ್ ಕೆಲಸಗಾರರ ಮೈಗೆ ಒಗ್ಗದ ವಿಷವಾದ್ದರಿಂದ ಅದರಿಂದಲೇ ತಯಾರಾದ, ಅಷ್ಟು ಕಾಡದ ಇನ್ನೊಂದು ವಸ್ತುವಿಗೆ ಕಂಪನಿ ತಿರುಗಿತು. ಟೈರ್ ಉದ್ಯಮದ ರಸಾಯನಗಳಿಗೆ ಹುಟ್ಟಿನಿಂದಲೇ ಈ ಗುಣವಿದೆ: ಒಂದು ವಿಷವನ್ನು ಹೊರಗೆ ಹಾಕಲು ಅದಕ್ಕಿಂತ ಸೌಮ್ಯವಾದ ಮತ್ತೊಂದನ್ನು ಒಳಗೆ ಕರೆದುಕೊಳ್ಳುವುದು. 1920ರ ಆಸುಪಾಸಿನಲ್ಲಿ ಥೈಯುರಾಮ್‌ಗಳು ಬಂದವು. ನೂರು ಕಿಲೋ ರಬ್ಬರಿಗೆ ಅರ್ಧ ಕಿಲೋಗಿಂತ ಕಡಿಮೆ ಹಾಕಿದರೂ ಸಾಕು, ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಪ್ರಮಾಣ ಹೆಚ್ಚಿಸಿದರೆ ಬೇರೆ ಗಂಧಕವೇ ಬೇಡ, ತನ್ನದನ್ನೇ ಬಿಟ್ಟುಕೊಡುತ್ತದೆ.

ಗಂಧಕ ಬೂಷ್ಟಿಗೂ ಹಳೆಯ ಮದ್ದು. ದ್ರಾಕ್ಷಿ ತೋಟದವರಿಗೆ ಅದು ಗೊತ್ತಿತ್ತು. ಡ್ಯೂಪಾಂಟ್ ಕಂಪನಿಯ ಟಿಸ್‌ಡೇಲ್ ಮತ್ತು ವಿಲಿಯಮ್ಸ್ ರಬ್ಬರಿನ ಈ ಗಂಧಕಯುಕ್ತ ವಸ್ತುಗಳನ್ನು ಶಿಲೀಂಧ್ರಗಳ ಮೇಲೆ ಪರೀಕ್ಷಿಸಿದರು. ಅವರಿಗೆ ಪೇಟೆಂಟ್ ಸಿಕ್ಕಿದ್ದು 1934ರಲ್ಲಿ. 1940ರ ದಶಕದಲ್ಲಿ ಥೈರಮ್ ‘ಅರಾಸನ್’ ಎಂಬ ಹೆಸರಿನಲ್ಲಿ ಬೀಜಕ್ಕೆ ಹಚ್ಚುವ ಪುಡಿಯಾಗಿ ಪೇಟೆಗೆ ಇಳಿಯಿತು. ಎರಡನೆಯ ಮಹಾಯುದ್ಧದ ಕಾಲ ಅದು. ಹಳೆಯ ಬೀಜೌಷಧಗಳಿಗೆ ಬೇಕಾದ ತಾಮ್ರಕ್ಕೂ ಪಾದರಸಕ್ಕೂ ಬೇರೆ ಕಡೆ ಬೇಡಿಕೆ ಇತ್ತು.

ಆ ಪುಡಿ ಕಲಬುರಗಿಯ ಎರೆಹೊಲಕ್ಕೆ ಬರುವ ಮೊದಲು ಇಲ್ಲಿ ಬೀಜ ಹೇಗಿರುತ್ತಿತ್ತು? ಒಕ್ಕಣೆ ಮುಗಿದ ಮೇಲೆ ಗಟ್ಟಿ ಕಾಳು ಆರಿಸಿ, ಬಿಸಿಲಿಗೆ ಒಣಗಿಸಿ, ಬೂದಿಯನ್ನೋ ಬೇವಿನ ಎಲೆಯನ್ನೋ ಬೆರೆಸಿ ಗಡಿಗೆಯಲ್ಲಿ ಮುಚ್ಚಿಡುವುದು. ತೊಗರಿಗೆ ಕೆಮ್ಮಣ್ಣು ಲೇಪಿಸಿ ಒಣಗಿಸುವುದು. ಇವೆಲ್ಲ ಹುಳುವಿನಿಂದ ಕಾಯುವ ಉಪಾಯಗಳು. ಬೀಜಕ್ಕೆ ರೋಗದ ಮದ್ದು ಹಚ್ಚುವ ರೂಢಿ ದಖ್ಖಣಕ್ಕೆ ಬಂದದ್ದು ಮೊದಲು ಜೋಳದ ಮೂಲಕ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಕ್ಕದ ಮುಂಬೈ ಪ್ರಾಂತ್ಯದ ಕೃಷಿ ಇಲಾಖೆ ತೆನೆಯ ಕಾಡಿಗೆ ರೋಗಕ್ಕೆ ಮೈಲುತುತ್ತದ ಪೊಟ್ಟಣಗಳನ್ನು ಹಂಚಿತು. ಆಮೇಲೆ ಗಂಧಕದ ಪುಡಿ ಬಂತು. ನಿಜಾಮರ ಆಳ್ವಿಕೆಯಲ್ಲಿದ್ದ ಗುಲ್ಬರ್ಗ ಆ ಪ್ರಾಂತ್ಯದ ಹೊರಗಿತ್ತು. ಆದರೂ ವಿಜಯಪುರ, ಸೊಲ್ಲಾಪುರದ ಹೊಲಗಳು ಗಡಿಯಾಚೆಗೇ ಇದ್ದವು.

ತೊಗರಿಯ ಶತ್ರು ಕಾಡಿಗೆಯಲ್ಲ, ನೆಟೆ. ಮುಂಗಾರಿನಲ್ಲಿ ಬಿತ್ತಿದ ಗಿಡ ಆರು ತಿಂಗಳು ಚೆನ್ನಾಗಿ ಬೆಳೆದು, ಹೂವಾಗಿ, ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಬಾಡುತ್ತದೆ. ಬುಡದಿಂದ ಮೇಲಕ್ಕೆ ನೇರಳೆ ಪಟ್ಟೆ ಹಬ್ಬುತ್ತದೆ, ಕಾಂಡ ಸೀಳಿದರೆ ಒಳಗೆ ಕಪ್ಪು ಗೆರೆಗಳು. ಎಳ್ಳ ಅಮಾವಾಸ್ಯೆಗೆ ಬಂಧುಬಳಗ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋದ ಕುಟುಂಬಕ್ಕೆ ಆ ವರ್ಷದ ಬಾಳು ಏನೆಂದು ಗೊತ್ತಾಗುವುದು ಅಲ್ಲೇ, ಅಂದೇ. ಬಿಹಾರದ ಪೂಸಾದಲ್ಲಿದ್ದ ಬ್ರಿಟಿಷ್ ಶಿಲೀಂಧ್ರಶಾಸ್ತ್ರಜ್ಞ ಇ. ಜೆ. ಬಟ್ಲರ್ 1906ರಲ್ಲಿ ಈ ರೋಗವನ್ನು ದಾಖಲಿಸಿ, 1910ರಲ್ಲಿ ವಿವರವಾದ ಪ್ರಬಂಧ ಬರೆದ. ಕಾರಣವಾದ ಶಿಲೀಂಧ್ರಕ್ಕೆ ಫ್ಯುಸೇರಿಯಂ ಉಡಮ್ ಎಂಬ ಹೆಸರು ಬಂತು. ಅದು ಬೇರಿನಿಂದ ಒಳಹೊಕ್ಕು ನೀರು ಸಾಗುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಬೀಜದಲ್ಲೂ ಬರುತ್ತದೆ. ಆದರೆ ಅದರ ಖಾಯಂ ಮನೆ ಮಣ್ಣು. ಕಿತ್ತುಹಾಕದ ಕೂಳೆಯಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ.

ಬೀಜಕ್ಕೆ ಹಚ್ಚುವ ಪುಡಿಗಳಲ್ಲಿ ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಹೆಸರುವಾಸಿಯಾಗಿದ್ದದ್ದು ‘ಅಗ್ರೋಸಾನ್ ಜಿಎನ್’. ಅದು ಪಾದರಸದ ಸಂಯುಕ್ತ. ಪಾದರಸ ಹಚ್ಚಿದ ಬೀಜದ ಕಥೆ ಎಲ್ಲಿಗೆ ಮುಟ್ಟಿತೆಂಬುದನ್ನು ಇರಾಕ್ ಕಂಡಿತು. ಬಿತ್ತನೆಗೆಂದು ಬಂದ ಗೋಧಿ, ಬಾರ್ಲಿಯನ್ನು ಹಸಿದ ರೈತರು 1971ರ ಕೊನೆ ಮತ್ತು 1972ರ ಮೊದಲ ತಿಂಗಳುಗಳಲ್ಲಿ ರೊಟ್ಟಿ ಮಾಡಿ ತಿಂದರು. ಆಸ್ಪತ್ರೆ ಸೇರಿದವರು 6,530, ಅಲ್ಲಿ ಸತ್ತವರು 459. ಚೀಲದ ಮೇಲಿನ ಎಚ್ಚರಿಕೆ ಅವರಿಗೆ ಬಾರದ ಭಾಷೆಯಲ್ಲಿತ್ತು. ಕೆಂಪು ಬಣ್ಣ ತೊಳೆದರೆ ವಿಷವೂ ಹೋಯಿತೆಂದು ಹಲವರು ನಂಬಿದರು. ಭಾರತದಲ್ಲೂ ಪಾದರಸದ ಬೀಜೌಷಧಗಳು ಕ್ರಮೇಣ ನಿಷೇಧಗೊಂಡವು. ಅವುಗಳ ಜಾಗಕ್ಕೆ ಬಂದವರಲ್ಲಿ ಥೈರಮ್ ಮುಖ್ಯ. ಆದ್ದರಿಂದ ಇದನ್ನು ಬರೀ ಖಳನಾಯಕನೆಂದು ಬರೆಯುವುದು ಅನ್ಯಾಯ. ಆಗಿನ ಲೆಕ್ಕದಲ್ಲಿ ಇದು ದೊಡ್ಡ ಸುಧಾರಣೆ.

ಒಂದು ಕಿಲೋ ತೊಗರಿ ಬೀಜಕ್ಕೆ 2 ಗ್ರಾಂ ಥೈರಮ್, 1 ಗ್ರಾಂ ಕಾರ್ಬೆಂಡಜಿಮ್. ಈ ಸೂತ್ರ ದೇಶದ ಬೇಸಾಯದ ಕೈಪಿಡಿಗಳಲ್ಲಿ ದಶಕಗಳಿಂದ ನೆಲೆಯೂರಿದೆ. ‘ಬೀಜೋಪಚಾರ’ ಎಂಬ ಶಬ್ದ ಆಕಾಶವಾಣಿಯ ಕೃಷಿರಂಗದಿಂದ ಹಿಡಿದು ರೈತ ಸಂಪರ್ಕ ಕೇಂದ್ರದ ಗೋಡೆಯವರೆಗೆ ಮನೆಮಾತಾಯಿತು. ಇನ್ನು ಮುಟ್ಟುವವರ ಕೈ ನೋಡಬೇಕು. ಮಿರಗದ ಮಳೆ ಬಿದ್ದಾಗ ಯಾರಿಗೂ ಪುರುಸೊತ್ತಿಲ್ಲ. ಬೀಜವನ್ನು ತಾಡಪತ್ರಿಯ ಮೇಲೆ ಸುರಿದು, ಪುಡಿ ಉದುರಿಸಿ, ಬರಿಗೈಯಲ್ಲಿ ಕಲಸುವುದು. ಕೂರಿಗೆಯ ಹಿಂದೆ ಸಡ್ಡೆ ಹಿಡಿದು ಅಕ್ಕಡಿ ಕಾಳು ಬಿಡುವ ಹೆಣ್ಣುಮಕ್ಕಳು ಆ ಬೀಜವನ್ನು ಸೀರೆಯ ಉಡಿಯಲ್ಲಿ ಕಟ್ಟಿಕೊಂಡು ದಿನವಿಡೀ ನಡೆಯುವುದು. ಮಧ್ಯಾಹ್ನ ಬದುವಿನ ಮೇಲೆ ಬುತ್ತಿ ಬಿಚ್ಚಿದಾಗ ಕೈಗೆ ಸಿಗುವುದು ಕೊಡದ ತಳದ ನೀರು.

ಥೈರಮ್ ಮುಟ್ಟಿದ ಕೂಡಲೇ ಕೊಲ್ಲುವ ಜಾತಿಯದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ‘ಮಧ್ಯಮ ಅಪಾಯ’ದ ವರ್ಗದಲ್ಲಿ ಇಟ್ಟಿದೆ. ಧೂಳು ಕಣ್ಣು, ಗಂಟಲು ಉರಿಸುತ್ತದೆ. ಚರ್ಮಕ್ಕೆ ಪದೇ ಪದೇ ತಾಗಿದರೆ ಕೆಲವರಲ್ಲಿ ಅಲರ್ಜಿ ಹುಟ್ಟಿ, ಒಮ್ಮೆ ಹುಟ್ಟಿದ ಮೇಲೆ ಜೀವನಪೂರ್ತಿ ಬಿಡುವುದಿಲ್ಲ. ಚರ್ಮದ ವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಅಲರ್ಜಿ ಪರೀಕ್ಷೆಯಲ್ಲಿ ‘ಥೈಯುರಾಮ್ ಮಿಶ್ರಣ’ ಎಂಬ ಖಾಯಂ ಪಟ್ಟಿಯೇ ಇದೆ. ಅದು ಹೆಚ್ಚಾಗಿ ಹಿಡಿಯುವುದು ರಬ್ಬರ್ ಕೈಗವಸು ತೊಡುವ ನರ್ಸುಗಳನ್ನು, ಸ್ವಚ್ಛತೆಯ ಕೆಲಸದವರನ್ನು. ಇಲ್ಲೊಂದು ವಿಚಿತ್ರವಿದೆ: ಥೈರಮ್‌ನಿಂದ ಕೈ ಕಾಯಲು ಕೊಡುವ ರಬ್ಬರ್ ಕೈಗವಸು ಎಷ್ಟೋ ಸಲ ಥೈರಮ್ ಹಾಕಿಯೇ ಬೇಯಿಸಿದ್ದಾಗಿರುತ್ತದೆ.

ಕೋಳಿ, ಹಕ್ಕಿಗಳಿಗೆ ಇದು ಮನುಷ್ಯರಿಗಿಂತ ಕೆಟ್ಟದ್ದು. 1950ರ ದಶಕದ ಅಮೆರಿಕದಲ್ಲಿ ಥೈರಮ್ ಹಚ್ಚಿದ ಮೆಕ್ಕೆಜೋಳದ ಬೀಜ ಕೋಳಿ ದಾಣಿಯಲ್ಲಿ ಬೆರೆತು, ಹೇಂಟೆಗಳು ಚಿಪ್ಪಿಲ್ಲದ ಮೆತ್ತನೆಯ ಮೊಟ್ಟೆ ಇಡತೊಡಗಿದವು. ಮರಿಗಳ ಕಾಲು ಸೊಟ್ಟಗಾಗುವುದೂ ಕಂಡುಬಂತು. ಈಗಲೂ ಕೋಳಿಯ ಮೂಳೆರೋಗವನ್ನು ಪ್ರಯೋಗಾಲಯದಲ್ಲಿ ಬೇಕೆಂದೇ ಬರಿಸಲು ವಿಜ್ಞಾನಿಗಳು ಬಳಸುವುದು ಥೈರಮ್ಮನ್ನೇ. ಐರೋಪ್ಯ ಒಕ್ಕೂಟ 2018ರಲ್ಲಿ ಇದರ ಪರವಾನಗಿ ನವೀಕರಿಸದೆ ಕೈಬಿಟ್ಟಿದ್ದರ ಹಿಂದಿನ ಕಾರಣಗಳಲ್ಲಿ ಬಿತ್ತಿದ ಕಾಳು ಹೆಕ್ಕುವ ಹಕ್ಕಿಗಳ ಚಿಂತೆಯೂ ಒಂದು.

ಎಲ್ಲಕ್ಕಿಂತ ಸ್ವಾರಸ್ಯವಾದ ಗುಣವನ್ನು ಪತ್ತೆ ಮಾಡಿದ್ದು ಕಾರ್ಖಾನೆಯ ಒಬ್ಬ ವೈದ್ಯ. ಅಮೆರಿಕದ ರಬ್ಬರ್ ರಸಾಯನದ ಕಾರ್ಖಾನೆಯೊಂದರಲ್ಲಿದ್ದ ಡಾಕ್ಟರ್ ಇ. ಇ. ವಿಲಿಯಮ್ಸ್ 1937ರಲ್ಲಿ ಅಲ್ಲಿಯ ವೈದ್ಯಕೀಯ ಸಂಘದ ಪತ್ರಿಕೆಗೆ ಬರೆದು ತಿಳಿಸಿದ: ಥೈಯುರಾಮ್ ವಿಭಾಗದ ಕೆಲಸಗಾರರು ಹೆಂಡ ಕುಡಿಯಲಾರದೆ ಹೋಗಿದ್ದಾರೆ. ಒಂದು ಗ್ಲಾಸ್ ಬಿಯರ್ ಕುಡಿದರೂ ಮುಖ ಕೆಂಪೇರುತ್ತದೆ, ಎದೆ ಬಡಿದುಕೊಳ್ಳುತ್ತದೆ. ಕುಡಿತ ಬಿಡಿಸಲು ಇದೇ ಮದ್ದಾಗಬಹುದೇ ಎಂಬ ಪ್ರಶ್ನೆಯನ್ನೂ ಆತ ಎತ್ತಿದ. ಹತ್ತು ವರ್ಷ ಯಾರೂ ಕಿವಿಗೊಡಲಿಲ್ಲ. ಆಮೇಲೆ ಕೋಪನ್‌ಹೇಗನ್‌ನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್ಸೆನ್ ಥೈರಮ್‌ನ ತಮ್ಮನಂಥ ಡೈಸಲ್ಫಿರಾಮ್ ಅನ್ನು ಹೊಟ್ಟೆಯ ಹುಳುವಿನ ಔಷಧವೆಂದು ಪರೀಕ್ಷಿಸುತ್ತ, ತಾವೇ ನುಂಗಿ ನೋಡಿದರು. ಮದ್ಯ ಮುಟ್ಟಿದಾಗ ವಿಲಿಯಮ್ಸ್ ಬರೆದದ್ದೇ ಅವರಿಗೂ ಆಯಿತು. 1948ರಲ್ಲಿ ವರದಿ ಪ್ರಕಟವಾಯಿತು. ‘ಆಂಟಾಬ್ಯೂಸ್’ ಹುಟ್ಟಿತು. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಆಮೇಲೆ ನಿರುಪದ್ರವಿಯಾಗುತ್ತದೆ. ಈ ಎರಡನೆಯ ಹೆಜ್ಜೆಯ ಕಿಣ್ವವನ್ನು ಡೈಸಲ್ಫಿರಾಮ್ ಕಟ್ಟಿಹಾಕುತ್ತದೆ. ಅಸಿಟಾಲ್ಡಿಹೈಡ್ ರಕ್ತದಲ್ಲೇ ನಿಂತು ತಲೆನೋವು, ವಾಂತಿ, ರಕ್ತದೊತ್ತಡದ ಕುಸಿತ ತರುತ್ತದೆ. ಕುಡಿತ ಬಿಡಿಸುವ ವೈದ್ಯರು ಇಂದಿಗೂ ಬರೆದುಕೊಡುವ ಮಾತ್ರೆ ಅದು.

ಈಗ ಆ ಪತ್ತೆಯನ್ನು ಕಲಬುರಗಿಯ ಬಿತ್ತನೆಯ ಸಂಜೆಗೆ ತಂದು ನೋಡಬೇಕು. ಇದು ಸೇಂದಿಯ ಸೀಮೆ. ಈಚಲು ಮರದ ಸೇಂದಿಯ ಅಬ್ಕಾರಿ ಹಣ ನಿಜಾಮರ ಖಜಾನೆಯ ದೊಡ್ಡ ಆದಾಯವಾಗಿತ್ತು. ಆಮೇಲೆ ಸಾರಾಯಿ ಬಂತು. ರಾಜ್ಯ ಸರ್ಕಾರ 2007ರ ಜುಲೈಯಲ್ಲಿ ಅದನ್ನು ನಿಷೇಧಿಸಿದ ಮೇಲೆ ಅಗ್ಗದ ವಿಸ್ಕಿ ಬಂತು. ದಿನವಿಡೀ ಪುಡಿ ಕಲಸಿದ ಆಳು ಸಂಜೆ ಕುಡಿದು ಎದೆ ಹಿಡಿದುಕೊಂಡರೆ ಅವನೂ ಅವನ ಮನೆಯವರೂ ದೂರುವುದು ಕಲಬೆರಕೆ ಹೆಂಡವನ್ನೇ. ಅವರ ಅನುಮಾನ ತಪ್ಪಲ್ಲ, ಕಲಬೆರಕೆ ಸೇಂದಿಯ ಹಾವಳಿ ಈ ಭಾಗಕ್ಕೆ ಹೊಸದಲ್ಲ. ಒಂದು ದಿನ ಬೀಜ ಕಲಸಿದವರಿಗೆಲ್ಲ ಹೀಗಾಗುತ್ತದೆಂದೂ ಅಲ್ಲ. ಆದರೆ ಬೀಜಕ್ಕೂ ಹೆಂಡಕ್ಕೂ ನಂಟಿರಬಹುದೆಂದು ಊಹಿಸಲು ಬೇಕಾದ ಮಾಹಿತಿ ರಬ್ಬರ್ ಕಾರ್ಖಾನೆಯಲ್ಲಿ 1937ರಿಂದಲೇ ಇತ್ತು. ಪುಡಿ ಒಂದು ಕಸುಬಿನಿಂದ ಇನ್ನೊಂದಕ್ಕೆ ದಾಟಿತು, ಅದರ ಜೊತೆ ಬರಬೇಕಾಗಿದ್ದ ಬುದ್ಧಿಮಾತು ಹಿಂದೆಯೇ ಉಳಿಯಿತು. ಕಲಬುರಗಿ ಜಿಲ್ಲೆಯ ಕಮಲಾಪುರದಂಥ ಊರಿನ ಹೊಲದಲ್ಲಿ ಥೈರಮ್ ತಂದ ತೊಡಕು ಅದರ ವಿಷಕ್ಕಿಂತ ಹೆಚ್ಚಾಗಿ ಈ ಅಂತರದಿಂದ ಹುಟ್ಟಿದ್ದು.

ಕಾನೂನು ಮಾಡಲಿಲ್ಲವೆಂದಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋರಿ ಆಹಾರಕ್ಕೆ ಬೆರೆತು ನೂರಕ್ಕೂ ಹೆಚ್ಚು ಜನ ಸತ್ತ ಮೇಲೆ ದೇಶ ಎಚ್ಚೆತ್ತಿತು, ಹತ್ತು ವರ್ಷದ ನಂತರ 1968ರ ಕೀಟನಾಶಕ ಕಾಯ್ದೆ ಬಂತು. ಅದೇ ವರ್ಷದ ಬೀಜ ನಿಯಮಗಳು ಉಪಚರಿಸಿದ ಬೀಜದ ಚೀಲದ ಮೇಲೆ, ಆಹಾರಕ್ಕೆ, ಮೇವಿಗೆ, ಎಣ್ಣೆಗೆ ಬಳಸಬಾರದೆಂದು ಬರೆಯಬೇಕೆಂದವು. ಬೀಜಕ್ಕೆ ಬಣ್ಣ ಹಾಕುವುದೂ ಗುರುತಿಗಾಗಿಯೇ. ಆದರೂ ಮಳೆ ಕೈಕೊಟ್ಟು ಬಿತ್ತನೆ ನಿಂತ ವರ್ಷ ಉಳಿದ ದುಬಾರಿ ಬೀಜವನ್ನು ಏನು ಮಾಡಬೇಕೆಂದು ಚೀಲ ಹೇಳುವುದಿಲ್ಲ.

ಕಮಲಾಪುರಕ್ಕೆ ತೊಗರಿಯ ಜೊತೆ ಇನ್ನೊಂದು ಹೆಸರಿದೆ, ಕೆಂಪು ಬಾಳೆ. 2018ರಲ್ಲಿ ತಾಲೂಕಾಗುವ ಎಷ್ಟೋ ಮೊದಲೇ ಈ ಊರು ಬಾಳೆಯಿಂದಲೇ ಪ್ರಸಿದ್ಧವಾಗಿತ್ತು. ಹಣ್ಣಿಗೆ ಭೌಗೋಳಿಕ ಗುರುತೂ ಸಿಕ್ಕಿದೆ. ನೆಟ್ಟ ಮೇಲೆ ಗೊನೆ ಕೊಯ್ಯಲು ಹತ್ತಿರಹತ್ತಿರ ಒಂದೂವರೆ ವರ್ಷ ಕಾಯಬೇಕಾದ ತಳಿ ಇದು. ಅಷ್ಟು ದಿನ ಎಲೆ ಹಸಿರಾಗಿರಬೇಕು. ಬಾಳೆಯ ಸಿಗಟೋಕ ಎಲೆಚುಕ್ಕೆಗೆ ಎಲ್ಲೆಡೆ ಶಿಫಾರಸಾಗುವ ಮದ್ದುಗಳಲ್ಲಿ ಮ್ಯಾಂಕೊಜೆಬ್ ಒಂದು. ಅದು 1960ರ ದಶಕದ ಆರಂಭದ್ದು, ಥೈರಮ್ ಸೇರಿದ ಡೈಥಯೊಕಾರ್ಬಮೇಟ್ ಬಳಗದ್ದೇ. ಮ್ಯಾಂಕೊಜೆಬ್ ಹಳಸಿದಾಗ, ತೇವ ತಾಗಿದಾಗ, ಬೆಂದಾಗ ಒಡೆದು ಎಥಿಲೀನ್ ಥಯೊಯೂರಿಯಾ ಎಂಬ ವಸ್ತುವಾಗುತ್ತದೆ. ಇದೇ ವಸ್ತುವನ್ನು ನಿಯೊಪ್ರೀನ್ ಎಂಬ ಕೃತಕ ರಬ್ಬರ್ ಬೇಯಿಸಲು ಕಾರ್ಖಾನೆಗಳು ಬೇಕೆಂದೇ ಹಾಕುತ್ತವೆ. ಇಲಿಗಳಲ್ಲಿ ಥೈರಾಯಿಡ್ ಗ್ರಂಥಿಯನ್ನು ಕೆಡಿಸಿ ಗಡ್ಡೆ ತರುವುದು, ಗರ್ಭದಲ್ಲಿನ ಮರಿಗಳಿಗೆ ಊನ ತರುವುದು ಇದರ ದಾಖಲಾದ ಗುಣ. ಅಮೆರಿಕದ ವಿಷವಿಜ್ಞಾನ ಕಾರ್ಯಕ್ರಮ ಇದನ್ನು ಮನುಷ್ಯರಲ್ಲೂ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಇಟ್ಟಿದೆ. ಒಂದೇ ತಾಲೂಕಿನ ಎರಡು ಹೆಸರಾಂತ ಬೆಳೆಗಳಿಗೆ ರಬ್ಬರ್ ಗಿರಣಿಯ ಎರಡು ವಸ್ತುಗಳು ಹೀಗೆ ಬೇರೆ ಬೇರೆ ಬಾಗಿಲಿನಿಂದ ತಗುಲಿಕೊಂಡವು. ಅದರಲ್ಲಿ ಒಂದನ್ನು ಯಾರೂ ಹಾಕಿದ್ದಲ್ಲ, ತಾನಾಗಿ ಹುಟ್ಟುವುದು.

ರಬ್ಬರಿನ ಕಡೆಯೂ ಸುಮ್ಮನಿರಲಿಲ್ಲ. ಥೈರಮ್ ಬೇಯುವಾಗ ಬಿಡುವ ಅಮೈನ್ ಗಾಳಿಯ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಸೇರಿ ನೈಟ್ರೊಸಮೈನ್ ಎಂಬ ಕ್ಯಾನ್ಸರ್‌ಕಾರಕವಾಗುತ್ತದೆಂದು ತಿಳಿದ ಮೇಲೆ ಜರ್ಮನಿ 1980ರ ದಶಕದಲ್ಲಿ ಕಾರ್ಖಾನೆಯ ಗಾಳಿಗೆ ಬಿಗಿ ಮಿತಿ ಹಾಕಿತು. ಅಂಥ ಅಮೈನ್ ಬಿಡದ, ಭಾರದ ಅಣುವಿನ ಬೇರೆ ಥೈಯುರಾಮ್‌ಗಳತ್ತ ಕಂಪನಿಗಳು ಸರಿದವು.

ಇತ್ತ ತೊಗರಿಗೆ ನಿಜವಾದ ಆಸರೆ ಬಂದದ್ದು ಪುಡಿಯಿಂದಲ್ಲ, ತಳಿಯಿಂದ. ಹೈದರಾಬಾದ್ ಪಕ್ಕದ ಪತಂಚೆರುವಿನಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಸಂಸ್ಥೆ, ನೆಟೆ ಹಿಡಿದ ಗಿಡಗಳನ್ನು ಕತ್ತರಿಸಿ ಮಣ್ಣಿಗೆ ಬೆರೆಸಿ, ಬೇಕೆಂದೇ ರೋಗಿಷ್ಠ ಹೊಲ ತಯಾರಿಸಿತು. ಸಾವಿರಾರು ತಳಿಗಳನ್ನು ಅದರಲ್ಲಿ ಬಿತ್ತಿ ಬದುಕುಳಿದವನ್ನು ಆರಿಸಿತು. ಮಹಾರಾಷ್ಟ್ರದಿಂದ ಸಂಗ್ರಹಿಸಿದ ಬೀಜದಿಂದ ಆಯ್ದ ಐಸಿಪಿ 8863, 1986ರಲ್ಲಿ ಕರ್ನಾಟಕದಲ್ಲಿ ‘ಮಾರುತಿ’ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. 1992-93ರ ಹೊತ್ತಿಗೆ ಉತ್ತರ ಕರ್ನಾಟಕದ ತೊಗರಿ ಪ್ರದೇಶದ ಸುಮಾರು ನೂರಕ್ಕೆ 60 ಭಾಗ ಅದರದೇ ಆಗಿತ್ತು. ತೊಗರಿಯ ಇನ್ನೊಂದು ಪಿಡುಗಾದ ಗೊಡ್ಡು ರೋಗಕ್ಕೆ ಅದು ಬಗ್ಗುತ್ತಿತ್ತು. ಆ ಕೊರತೆಯ ನಡುವೆಯೂ ರೈತರು ಅದನ್ನು ಬಿಡಲಿಲ್ಲ. ಮುಂದೆ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್, ಜಿಆರ್‌ಜಿ-811ರಂಥ ತಳಿಗಳನ್ನು ಕೊಟ್ಟಿತು. ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಕೂಡ ಬೀಜೋಪಚಾರದ ಪಟ್ಟಿಗೆ ಸೇರಿತು. ಅದು ಜೀವಂತ ವಸ್ತು; ಶಿಲೀಂಧ್ರ ಕೊಲ್ಲುವ ಪುಡಿಗಳ ಜೊತೆ ಕಣ್ಣುಮುಚ್ಚಿ ಕಲಸುವಂತಿಲ್ಲ.

ಜೋಳದ ಜೊತೆ ಅಕ್ಕಡಿಯಾಗಿ ತೊಗರಿ ಹಾಕುವ, ಒಂದು ವರ್ಷ ಜೋಳ ಇನ್ನೊಂದು ವರ್ಷ ತೊಗರಿ ಎಂದು ಹೊಲ ಬದಲಿಸುವ ಹಳೆಯ ಪದ್ಧತಿಯಲ್ಲಿ ನೆಟೆ ಗಣನೀಯವಾಗಿ ಇಳಿಯುತ್ತದೆಂದು ಇಕ್ರಿಸ್ಯಾಟ್‌ನ ಪ್ರಯೋಗಗಳೇ ತೋರಿಸಿದವು. ಅಜ್ಜಂದಿರು ರೋಗದ ಲೆಕ್ಕ ಹಾಕಿ ಹಾಗೆ ಮಾಡುತ್ತಿದ್ದರೆನ್ನುವುದು ಅತಿಯಾದೀತು. ರೊಟ್ಟಿಗೂ ಬೇಳೆಗೂ ಒಂದೇ ಹೊಲ ಎಂಬುದು ಅವರ ಲೆಕ್ಕ. ಬೇಳೆಯ ದರ ಏರಿದಂತೆ ಆ ಲೆಕ್ಕ ಬದಲಾಯಿತು. 2015ರಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿದ ಮೇಲಂತೂ ಜಿಲ್ಲೆ ಇನ್ನಷ್ಟು ತೊಗರಿಮಯವಾಯಿತು. ಇತ್ತೀಚಿನ ವರ್ಷಗಳಲ್ಲಿ ಐದು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲದಲ್ಲಿ ತೊಗರಿ ನಿಲ್ಲುತ್ತದೆ, 2019ರಲ್ಲಿ ಅದಕ್ಕೂ ಭೌಗೋಳಿಕ ಗುರುತು ಬಂತು.

ಕೇಂದ್ರ ಸರ್ಕಾರ 2020ರ ಮೇ ತಿಂಗಳಲ್ಲಿ ನಿಷೇಧಿಸಲು ಉದ್ದೇಶಿಸಿದ 27 ಕೀಟನಾಶಕಗಳ ಕರಡು ಪಟ್ಟಿ ಹೊರಡಿಸಿದಾಗ ಥೈರಮ್, ಮ್ಯಾಂಕೊಜೆಬ್, ಕಾರ್ಬೆಂಡಜಿಮ್ ಮೂರೂ ಅದರಲ್ಲಿದ್ದವು. ತಯಾರಕರು ಗಟ್ಟಿಯಾಗಿ ಆಕ್ಷೇಪಿಸಿದರು. 2023ರ ಆದೇಶದಲ್ಲಿ ಪೂರ್ಣ ನಿಷೇಧ ತಗುಲಿದ್ದು ಡೈಕೋಫಾಲ್, ಡೈನೋಕ್ಯಾಪ್, ಮೆಥೊಮಿಲ್‌ನಂಥ ಕೆಲವಕ್ಕೆ ಮಾತ್ರ.

ಆ ನಡುವೆಯೇ ನೆಟೆ ಮತ್ತೆ ಬಂದಿತ್ತು. 2022ರ ಹಂಗಾಮಿನಲ್ಲಿ ಮೊದಲು ಅತಿಮಳೆ, ಆಮೇಲೆ ತೇವದ ಕೊರತೆ. ಡಿಸೆಂಬರ್ ಹೊತ್ತಿಗೆ ಕಲಬುರಗಿ, ಬೀದರ್, ಯಾದಗಿರಿ, ವಿಜಯಪುರದ ಹೊಲಗಳಲ್ಲಿ ಕಾಯಿ ಕಟ್ಟಿದ ತೊಗರಿ ಬಾಡಿ ನಿಂತಿತು. ಉಪಚರಿಸಿದ ಬೀಜ ಬಿತ್ತಿದವರ ಹೊಲವೂ ಅದರಲ್ಲಿತ್ತು, ಯಾಕೆಂದರೆ ಬೀಜದ ಮೈಮೇಲಿನ ಪುಡಿಯ ಕಾವಲು ಮೊಳಕೆಯ ಕೆಲವು ವಾರಗಳಿಗಷ್ಟೇ, ರೋಗ ಎರಗಿದ್ದು ಆರನೆಯ ತಿಂಗಳಿಗೆ. ರೈತರು ಒಣಗಿದ ಗಿಡ ಹಿಡಿದು ಬೀದಿಗಿಳಿದರು, ರಾಜ್ಯ ಸರ್ಕಾರ ಹೆಕ್ಟೇರಿಗೆ 10,000 ರೂಪಾಯಿ ಪರಿಹಾರ ಘೋಷಿಸಿತು. ತಜ್ಞರು ಎಂದಿನಂತೆ ಬೆಳೆ ಬದಲಿಸಿ, ಜೋಳ ಹಾಕಿ ಎಂದರು. ಮುಂದಿನ ಮುಂಗಾರಿನಲ್ಲಿ ಜೋಳದ ಧಾರಣೆಯನ್ನೂ ತೊಗರಿಯ ಧಾರಣೆಯನ್ನೂ ತೂಗಿ ನೋಡಿದ ಬಹುಪಾಲು ರೈತರು ಅದೇ ಹೊಲಕ್ಕೆ ಮತ್ತೆ ತೊಗರಿಯನ್ನೇ ಬಿತ್ತಿದರು.